ಯೇಸು ಎಂಬ ಮನುಷ್ಯನಿಂದ ಬದುಕಿಗೆ ಏನು ಸಿಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಯೇಸುವಿನ ಪವಾಡಗಳ ಬಗ್ಗೆ, ಆತ ದೇವರ ಮಗ ಹೌದೋ ಅಲ್ಲವೋ ಎನ್ನುವ ಬಗ್ಗೆ ಪುಸ್ತಕಗಳಿಗೆ ಬರವಿಲ್ಲ. ಇಲ್ಲಿ ಕೇಳಿರುವುದು ಬೇರೆ. ಆತ ಜನರ ಜೊತೆ ಹೇಗಿದ್ದ? ಯಾವಾಗ ಸಿಟ್ಟಾದ, ಯಾವಾಗ ಅತ್ತ, ಯಾವಾಗ ಸುಸ್ತಾಗಿ ಮಲಗಿದ? ನಾಳೆ ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗುವ ನಮ್ಮಂಥವರಿಗೆ ಅದರಲ್ಲಿ ಏನಾದರೂ ಇದೆಯಾ? ಇವನ್ನು ಚರ್ಚಿಗೆ ಹೋಗುವವರೂ ಕೇಳುತ್ತಾರೆ, ಹೋಗದವರೂ ಕೇಳುತ್ತಾರೆ.

ನಾನು ಕ್ರೈಸ್ತ ಅಲ್ಲ. ಆದರೂ ಯೇಸುವಿನಿಂದ ಕಲಿಯಬಹುದಾ?

ಧಾರಾಳವಾಗಿ. ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮ ದೇಶದಲ್ಲಿ ಇದು ಹೊಸದೂ ಅಲ್ಲ. 1820ರಲ್ಲಿ ಕಲ್ಕತ್ತೆಯಲ್ಲಿ ರಾಜಾ ರಾಮಮೋಹನ ರಾಯರು ಸುವಾರ್ತೆಗಳಿಂದ, ಅಂದರೆ ಯೇಸುವಿನ ಬದುಕನ್ನು ಹೇಳುವ ಬೈಬಲಿನ ನಾಲ್ಕು ಪುಸ್ತಕಗಳಿಂದ, ಆತನ ಬೋಧನೆಗಳನ್ನು ಮಾತ್ರ ಆಯ್ದು ಪುಸ್ತಕ ಮಾಡಿದರು. ಪವಾಡಗಳನ್ನು ಬಿಟ್ಟರು. ಸೆರಾಂಪುರದ ಮಿಷನರಿ ಜೋಶುವಾ ಮಾರ್ಶ್‌ಮನ್ ಅವರಿಗೆ ಇದು ಸರಿ ಕಾಣಲಿಲ್ಲ, ಇಬ್ಬರ ನಡುವೆ ದೊಡ್ಡ ವಾದವೇ ನಡೆಯಿತು. ಅದೇ ಹೊತ್ತಿಗೆ ಅಮೆರಿಕದಲ್ಲಿ ಮಾಜಿ ಅಧ್ಯಕ್ಷ ಥಾಮಸ್ ಜೆಫರ್ಸನ್ ಬೈಬಲಿನ ಪುಟಗಳನ್ನು ಕತ್ತರಿಸಿ, ಪವಾಡಗಳನ್ನು ಬಿಟ್ಟು, ಉಳಿದದ್ದನ್ನು ಅಂಟಿಸಿ ತನಗೊಂದು ಪುಸ್ತಕ ಮಾಡಿಕೊಂಡಿದ್ದರು. ಲಂಡನ್ನಿನಲ್ಲಿ ಓದುತ್ತಿದ್ದಾಗ ಪರ್ವತ ಪ್ರಸಂಗ (ಯೇಸು ಬೆಟ್ಟದ ಮೇಲೆ ಮಾಡಿದ ಬೋಧನೆ) ನೇರವಾಗಿ ಮನಸ್ಸಿಗೆ ತಟ್ಟಿತು ಎಂದು ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಕನ್ನಡದಲ್ಲೇ ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನದ ಮೇಲೆ ‘ಗೊಲ್ಗೊಥಾ’ ಎಂಬ ಖಂಡಕಾವ್ಯ ಬರೆದರು.

ಆದರೆ ರಾಯರ ಮೇಲೂ ಜೆಫರ್ಸನ್ ಮೇಲೂ ನನಗೆ ಒಂದು ತಕರಾರಿದೆ. ಒಳ್ಳೆಯ ಮಾತುಗಳು ಎಲ್ಲ ಕಡೆ ಸಿಗುತ್ತವೆ. ಯೇಸುವಿನ ಸ್ವಭಾವ ಚೆನ್ನಾಗಿ ಕಾಣುವುದು ಆತ ಯಾರದೋ ಎದುರು ನಿಂತಿರುವ ಪ್ರಸಂಗಗಳಲ್ಲಿ. ಆ ಪ್ರಸಂಗಗಳಲ್ಲಿ ಜಾಸ್ತಿ ಪಾಲು ಪವಾಡದ ಕಥೆಗಳೇ. ಪವಾಡ ಬೇಡ ಎಂದು ಕಥೆಯನ್ನೇ ಕಿತ್ತರೆ ಒಳಗಿದ್ದ ಮನುಷ್ಯನೂ ಹೊರಟುಹೋಗುತ್ತಾನೆ. ನಂಬದಿದ್ದರೆ ನಂಬಬೇಡಿ, ಕಥೆಯನ್ನು ಮಾತ್ರ ಹಾಗೇ ಇಟ್ಟುಕೊಂಡು ಓದಿ.

‘ಮನುಷ್ಯ’ ಎಂದು ಒತ್ತಿ ಹೇಳಿದರೆ ಕ್ರೈಸ್ತರಿಗೆ ಬೇಜಾರಾಗುವುದಿಲ್ವಾ?

ಆಗಬೇಕಿಲ್ಲ. ಕ್ರಿ.ಶ. 451ರಲ್ಲಿ ಕಾಲ್ಸೆಡಾನ್ ಎಂಬಲ್ಲಿ ಸೇರಿದ ಬಿಷಪ್ಪರ ಸಭೆ, ಯೇಸು ಪೂರ್ಣವಾಗಿ ದೇವರು ಹಾಗೂ ಪೂರ್ಣವಾಗಿ ಮನುಷ್ಯ ಎಂದು ತೀರ್ಮಾನಿಸಿತು. ಅದಕ್ಕೂ ಮುಂಚೆ, ‘ಆತ ಮನುಷ್ಯನ ಹಾಗೆ ಕಾಣುತ್ತಿದ್ದ ಅಷ್ಟೇ, ನಿಜವಾದ ಮೈಯಲ್ಲ’ ಎಂದು ಹೇಳುತ್ತಿದ್ದವರನ್ನು ಚರ್ಚೇ ತಪ್ಪುದಾರಿಯವರು ಎಂದು ದೂರ ಇಟ್ಟಿತ್ತು. ಹಾಗಾಗಿ ಆತನ ಹಸಿವು, ನಿದ್ದೆ, ಕಣ್ಣೀರಿನ ಬಗ್ಗೆ ಮಾತಾಡುವುದು ಕ್ರೈಸ್ತರ ನಂಬಿಕೆಯ ಒಳಗೇ ಇರುವ ವಿಷಯ.

ಅಂಥ ಒಬ್ಬ ವ್ಯಕ್ತಿ ನಿಜವಾಗಿ ಇದ್ದನಾ?

ಇದ್ದ ಎಂಬುದನ್ನು ಹೆಚ್ಚುಕಡಿಮೆ ಎಲ್ಲ ಇತಿಹಾಸಕಾರರೂ ಒಪ್ಪುತ್ತಾರೆ. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕ್ರೈಸ್ತರನ್ನು ಸ್ವಲ್ಪವೂ ಇಷ್ಟಪಡುತ್ತಿರಲಿಲ್ಲ. ಆದರೂ, ಅವರ ಕ್ರಿಸ್ತನನ್ನು ತಿಬೇರಿಯಸ್ ಚಕ್ರವರ್ತಿಯ ಕಾಲದಲ್ಲಿ ರೋಮನ್ ಅಧಿಕಾರಿ ಪೊಂತ್ಯ ಪಿಲಾತ ಕೊಲ್ಲಿಸಿದ ಎಂದು ಬರೆದಿದ್ದಾನೆ. ಪಿಲಾತನ ಹೆಸರಿರುವ ಕಲ್ಲು 1961ರಲ್ಲಿ ಕೈಸರೈಯ ಎಂಬ ಕರಾವಳಿ ಊರಿನಲ್ಲಿ ಸಿಕ್ಕಿತು. ಯೆಹೂದಿ ಇತಿಹಾಸಕಾರ ಜೋಸೆಫಸ್, ಯೇಸುವಿನ ತಮ್ಮ ಯಾಕೋಬನನ್ನು ಕೊಂದದ್ದನ್ನು ದಾಖಲಿಸಿದ್ದಾನೆ. ಯೇಸು ಸತ್ತದ್ದು ಕ್ರಿ.ಶ. 30 ಅಥವಾ 33ರ ಸುಮಾರಿಗೆ. ಆತನ ಗುಣದ ಬಗ್ಗೆ ತಿಳಿಯಬೇಕಾದರೆ ಮಾತ್ರ ನಾಲ್ಕು ಸುವಾರ್ತೆಗಳೇ ಗತಿ.

ಎಂಥ ಮನೆತನ, ಎಂಥ ಊರು?

ಗಲಿಲಾಯ ಪ್ರಾಂತದ ನಜರೇತ್. ಆಗ ಅದು ಹೆಸರೇ ಇಲ್ಲದ ಸಣ್ಣ ಹಳ್ಳಿ. ‘ನಜರೇತಿನಿಂದ ಒಳ್ಳೇದು ಏನಾದರೂ ಬರುತ್ತಾ?’ ಎಂದು ಒಬ್ಬ ಮೂಗು ಮುರಿದದ್ದು ಯೋಹಾನನ ಸುವಾರ್ತೆಯಲ್ಲೇ ಇದೆ. ಸುಮಾರು 6 ಕಿಲೋಮೀಟರ್ ದೂರದಲ್ಲಿ ಸೆಪ್ಫೋರಿಸ್ ಎಂಬ ಪಟ್ಟಣವನ್ನು ಆಗ ಹೊಸದಾಗಿ ಕಟ್ಟಿಸುತ್ತಿದ್ದರು. ಯೇಸುವಿನದು ಬಡಗಿ ಕೆಲಸ. ಮೂವತ್ತರ ಆಸುಪಾಸಿನವರೆಗೂ ಊರವರ ಪಾಲಿಗೆ ಆತ ಮರಿಯಳ ಮಗ, ಕೆಲಸದವ, ಅಷ್ಟೇ. ಮುಂದೆ ಬೋಧಕನಾಗಿ ಊರಿಗೆ ಬಂದಾಗ ಅವರಿಗೆ ಹಿಡಿಸಲೂ ಇಲ್ಲ. ಊರಿನ ಹುಡುಗ ಬುದ್ಧಿ ಹೇಳಲು ನಿಂತರೆ ಯಾರಿಗೆ ತಾನೇ ಹಿಡಿಸುತ್ತದೆ?

ಆತನಿಂದ ಒಂದೇ ಒಂದು ಗುಣ ಕಲಿಯಬೇಕು ಅಂದರೆ ಯಾವುದು?

ಎಲ್ಲರೂ ಪ್ರೀತಿ, ಕ್ಷಮೆ ಎನ್ನುತ್ತಾರೆ. ನಾನು ಹೇಳುವುದು ನಿಲ್ಲುವುದನ್ನು. ಹೋಗುತ್ತಿರುವ ದಾರಿಯಲ್ಲಿ, ಕೆಲಸದ ಮಧ್ಯೆ, ಒಬ್ಬ ಮನುಷ್ಯನಿಗಾಗಿ ನಿಂತುಬಿಡುವುದು. ಮಾರ್ಕನ ಸುವಾರ್ತೆಯ 5ನೇ ಅಧ್ಯಾಯ ನೋಡಿ.

ಯಾಯೀರ ಸಭಾಮಂದಿರದ ಮುಖ್ಯಸ್ಥ, ಊರಿನಲ್ಲಿ ಮರ್ಯಾದೆ ಇದ್ದವನು. ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ. ಅವನು ಎಲ್ಲರೆದುರು ಯೇಸುವಿನ ಕಾಲಿಗೆ ಬೀಳುತ್ತಾನೆ. ಯೇಸು ಹೊರಡುತ್ತಾನೆ. ಹಿಂದೆ ಮುಂದೆ ಜನವೋ ಜನ, ನೂಕುನುಗ್ಗಲು. ಆ ಗುಂಪಿನಲ್ಲಿ ಒಬ್ಬ ಹೆಂಗಸು. ಹನ್ನೆರಡು ವರ್ಷದಿಂದ ಅವಳಿಗೆ ರಕ್ತಸ್ರಾವ. ವೈದ್ಯರ ಹತ್ತಿರ ಅಲೆದು ಅಲೆದು ಕೈಯಲ್ಲಿದ್ದ ದುಡ್ಡೆಲ್ಲ ಕರಗಿದೆ, ಕಾಯಿಲೆ ಮಾತ್ರ ಹೆಚ್ಚಾಗಿದೆ. ಆ ಕಾಲದ ಯೆಹೂದಿ ಕಟ್ಟಳೆಯ ಪ್ರಕಾರ ಅವಳು ಮೈಲಿಗೆ, ಅವಳನ್ನು ಮುಟ್ಟಿದವರಿಗೂ ಮೈಲಿಗೆ. ಅದು ಎಂಥ ಬದುಕು ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಅವಳು ಹಿಂದಿನಿಂದ ಬಂದು, ಯಾರಿಗೂ ಗೊತ್ತಾಗದ ಹಾಗೆ ಬಟ್ಟೆ ಮುಟ್ಟುತ್ತಾಳೆ. ಸ್ರಾವ ನಿಲ್ಲುತ್ತದೆ.

ಯೇಸುವೂ ನಿಲ್ಲುತ್ತಾನೆ. ‘ನನ್ನ ಬಟ್ಟೆ ಮುಟ್ಟಿದವರು ಯಾರು?’ ಶಿಷ್ಯರಿಗೆ ತಲೆಬಿಸಿ. ಇಷ್ಟು ಜನ ಮೈಮೇಲೆ ಬೀಳುತ್ತಿದ್ದಾರೆ, ಯಾರು ಮುಟ್ಟಿದರು ಅಂತ ಕೇಳೋದಾ? ಆತ ಜಗ್ಗುವುದಿಲ್ಲ, ಸುತ್ತ ನೋಡುತ್ತಲೇ ಇರುತ್ತಾನೆ. ಕೊನೆಗೆ ಆ ಹೆಂಗಸು ನಡುಗುತ್ತಾ ಬಂದು ಇದ್ದದ್ದನ್ನೆಲ್ಲ ಹೇಳುತ್ತಾಳೆ. ಹನ್ನೆರಡು ವರ್ಷದ ಕಥೆ ಒಂದು ನಿಮಿಷದಲ್ಲಿ ಮುಗಿದಿರಲಿಕ್ಕಿಲ್ಲ. ಆತ ಕೇಳುತ್ತಾನೆ. ‘ಮಗಳೇ’ ಎಂದು ಕರೆಯುತ್ತಾನೆ.

ಈಗ ಯಾಯೀರನನ್ನು ನೆನೆಸಿಕೊಳ್ಳಿ. ಪಕ್ಕದಲ್ಲೇ ನಿಂತಿದ್ದಾನೆ, ಒಂದೊಂದು ಕ್ಷಣವೂ ಒಂದೊಂದು ಯುಗ. ಅಷ್ಟರಲ್ಲಿ ಮನೆಯಿಂದ ಜನ ಬರುತ್ತಾರೆ. ಮಗು ಹೋಯಿತು, ಇನ್ನು ಗುರುಗಳಿಗೆ ಯಾಕೆ ತೊಂದರೆ ಕೊಡ್ತೀಯ? ಯೇಸು ಅವನಿಗೆ ‘ಹೆದರಬೇಡ’ ಎಂದು ಹೇಳಿ ಮನೆಗೆ ನಡೆಯುತ್ತಾನೆ. ಹುಡುಗಿಗೂ ಹನ್ನೆರಡೇ ವರ್ಷ. ಕೈ ಹಿಡಿದು ಎಬ್ಬಿಸುತ್ತಾನೆ. ಎಲ್ಲರೂ ಬೆರಗಾಗಿ ಬಾಯಿ ಬಿಟ್ಟು ನಿಂತಿರುವಾಗ ಆತ ಹೇಳುವ ಕೊನೆಯ ಮಾತು: ಅವಳಿಗೆ ಏನಾದರೂ ತಿನ್ನಲು ಕೊಡಿ.

ಈ ಕೊನೆಯ ಮಾತು ನನಗೆ ಬಹಳ ಇಷ್ಟ. ಸತ್ತವಳು ಎದ್ದಳು ಎಂಬ ಗದ್ದಲದಲ್ಲಿ ಮಗುವಿಗೆ ಹಸಿವಾಗಿರುತ್ತದೆ ಎಂದು ಹೊಳೆದದ್ದು ಆತನೊಬ್ಬನಿಗೆ.

ಹೀಗೆ ನಿಂತರೆ ಕಾಯುತ್ತಿರುವ ಇನ್ನೊಬ್ಬರಿಗೆ ನೋವಾಗುತ್ತದೆ, ಕಥೆ ಅದನ್ನು ಮುಚ್ಚಿಡುವುದಿಲ್ಲ. ಆದರೆ ದೊಡ್ಡ ಮನುಷ್ಯನ ಮನೆಗೆ ಹೋಗುತ್ತಿದ್ದೇನೆ, ಈ ಹೆಂಗಸು ಆಮೇಲೆ ಬರಲಿ ಎಂದು ಆತನಿಗೆ ಅನಿಸಲಿಲ್ಲ. ನಾವು ಫೋನಿನಿಂದ ಕಣ್ಣು ತೆಗೆಯದೆ ‘ಹೇಳು, ಕೇಳಿಸ್ತಿದೆ’ ಎನ್ನುತ್ತೇವಲ್ಲ, ಅಲ್ಲಿಂದಲೇ ಶುರು ಮಾಡಬಹುದು. ಫೋನು ಕೆಳಗಿಟ್ಟು ಆ ಕಡೆ ತಿರುಗಿ. ಅದಕ್ಕೆ ಪವಾಡವೇನೂ ಬೇಕಿಲ್ಲ.

ಸಹಾಯ ಮಾಡಲು ಹೋದರೆ ಜನ ಬೇಜಾರು ಮಾಡ್ಕೋತಾರೆ. ಇದಕ್ಕೆ ಆತನಲ್ಲಿ ಉತ್ತರ ಇದೆಯಾ?

ಇದೆ, ಅದೂ ಸುಲಭದ್ದು. ಮೊದಲು ಕೇಳುವುದು. ಜೆರಿಕೊ ಊರಿನ ದಾರಿಬದಿಯಲ್ಲಿ ಬಾರ್ತಿಮಾಯ ಎಂಬ ಕುರುಡ ಭಿಕ್ಷುಕ ಕೂಗುತ್ತಾನೆ. ಜನ ಸುಮ್ಮನಿರು ಎಂದು ಗದರಿಸುತ್ತಾರೆ. ಯೇಸು ಅವನನ್ನು ಕರೆಸಿ, ‘ನಾನು ನಿನಗೆ ಏನು ಮಾಡಬೇಕು?’ ಎಂದು ಕೇಳುತ್ತಾನೆ. ಕುರುಡನಿಗೆ ಏನು ಬೇಕು ಅಂತ ಗೊತ್ತಿಲ್ವಾ ಎಂದು ನಗು ಬರಬಹುದು. ಆದರೆ ಆ ಮನುಷ್ಯನನ್ನು ಅಷ್ಟು ದಿನ ಯಾರು ಏನು ಕೇಳಿದ್ದರು? ನಾಣ್ಯ ಎಸೆದು ಹೋಗಿದ್ದರು. ಇನ್ನೊಂದು ಕಡೆ, ಮೂವತ್ತೆಂಟು ವರ್ಷದಿಂದ ಕಾಯಿಲೆಯಲ್ಲಿದ್ದು ಕೊಳದ ಪಕ್ಕ ಮಲಗಿದ್ದ ರೋಗಿಗೂ ‘ನಿನಗೆ ವಾಸಿಯಾಗುವ ಮನಸ್ಸಿದೆಯಾ?’ ಎಂದು ಕೇಳುತ್ತಾನೆ.

ವಯಸ್ಸಾದ ಅಪ್ಪ ಅಮ್ಮನ ವಿಷಯದಲ್ಲಿ ನಾವು ಮಾಡುವ ಎಡವಟ್ಟು ಇದೇ. ಅವರಿಗೇನು ಬೇಕು ಎಂದು ನಾವೇ ತೀರ್ಮಾನಿಸಿ, ತಂದುಕೊಟ್ಟು, ಆಮೇಲೆ ಅವರು ಖುಷಿಪಡಲಿಲ್ಲ ಎಂದು ಮುನಿಸಿಕೊಳ್ಳುತ್ತೇವೆ.

ಆತನಿಗೆ ಸಿಟ್ಟು ಬರುತ್ತಿತ್ತಾ?

ಚೆನ್ನಾಗಿಯೇ ಬರುತ್ತಿತ್ತು. ಯೆರೂಸಲೇಮಿನ ದೇವಾಲಯದಲ್ಲಿ ನಾಣ್ಯ ಬದಲಾಯಿಸುವವರ ಮೇಜುಗಳನ್ನು ಉರುಳಿಸಿದ, ಪಾರಿವಾಳ ಮಾರುವವರ ಪೀಠಗಳನ್ನು ಕೆಡವಿದ. ಪಾರಿವಾಳ ಎಂದರೆ ಕುರಿ ಕೊಡಲಾಗದ ಬಡವರ ಕಾಣಿಕೆ. ಮಕ್ಕಳನ್ನು ಹತ್ತಿರ ಬಿಡದೆ ಓಡಿಸುತ್ತಿದ್ದ ಶಿಷ್ಯರ ಮೇಲೂ ರೇಗಿದ. ಸಬ್ಬತ್ ದಿನ, ಅಂದರೆ ಕೆಲಸ ಮಾಡಬಾರದ ಯೆಹೂದಿ ವಿಶ್ರಾಂತಿಯ ದಿನ, ಕೈ ಬತ್ತಿದ ಒಬ್ಬನನ್ನು ವಾಸಿ ಮಾಡಿದರೆ ತಪ್ಪು ಹಿಡಿಯೋಣ ಎಂದು ಕಾದು ಕುಳಿತವರನ್ನು ನೋಡಿ ಸಿಟ್ಟಾದ, ಜೊತೆಗೆ ನೊಂದುಕೊಂಡ ಎಂದು ಮಾರ್ಕ ಬರೆಯುತ್ತಾನೆ.

ಈಗ ಇನ್ನೊಂದು ಪಟ್ಟಿ ನೋಡಿ. ಹೊಟ್ಟೆಬಾಕ, ಕುಡುಕ ಎಂದು ಬೈದರು. ಸಿಟ್ಟಾಗಲಿಲ್ಲ, ಆ ಬೈಗುಳವನ್ನು ತಾನೇ ಎತ್ತಿ ಹೇಳಿ ಮುಂದೆ ಹೋದ. ಸಮಾರ್ಯದ ಒಂದು ಹಳ್ಳಿಯವರು ತಂಗಲು ಜಾಗ ಕೊಡಲಿಲ್ಲ. ಶಿಷ್ಯರಾದ ಯಾಕೋಬ (ತಮ್ಮನಲ್ಲ, ಬೇರೆಯವನು) ಮತ್ತು ಯೋಹಾನ, ಆಕಾಶದಿಂದ ಬೆಂಕಿ ಇಳಿಸಿ ಸುಟ್ಟುಬಿಡೋಣವಾ ಎಂದರು. ಬೈಸಿಕೊಂಡದ್ದು ಅವರಿಬ್ಬರೇ. ಯೇಸು ಬೇರೆ ಹಳ್ಳಿಗೆ ಹೋದ. ತನಗಾದ ಅವಮಾನಕ್ಕೆ ಸಿಟ್ಟಿಲ್ಲ, ಇನ್ನೊಬ್ಬರಿಗೆ ಆದದ್ದಕ್ಕೆ ಸಿಟ್ಟು. ನಮ್ಮದು ಸಾಮಾನ್ಯವಾಗಿ ಉಲ್ಟಾ. ವಾಟ್ಸಾಪ್ ಗುಂಪಿನಲ್ಲಿ ಯಾರೋ ನಮ್ಮನ್ನು ಕಿಚಾಯಿಸಿದರೆ ರಾತ್ರಿ ನಿದ್ದೆ ಬರುವುದಿಲ್ಲ.

‘ಇನ್ನೊಂದು ಕೆನ್ನೆ ತೋರಿಸು’ ಅಂದರೆ ಹೊಡೆಸಿಕೊಂಡು ಸುಮ್ನಿರು ಅಂತಲಾ?

ಆತನಿಗೇ ಏಟು ಬಿದ್ದಾಗ ಏನು ಮಾಡಿದ ಎಂದು ನೋಡಿದರೆ ಸಾಕು. ಬಂಧಿಸಿ ಮಹಾಯಾಜಕನ ಮುಂದೆ ನಿಲ್ಲಿಸಿದ್ದಾರೆ. ಒಬ್ಬ ಕಾವಲುಗಾರ ಕೆನ್ನೆಗೆ ಹೊಡೆಯುತ್ತಾನೆ. ಯೇಸು ಇನ್ನೊಂದು ಕೆನ್ನೆ ತೋರಿಸಲಿಲ್ಲ. ‘ನಾನು ತಪ್ಪು ಮಾತಾಡಿದ್ದರೆ ಏನು ತಪ್ಪು ಅಂತ ಹೇಳು. ಸರಿಯಾಗಿದ್ದರೆ ಯಾಕೆ ಹೊಡೆದೆ?’ ಎಂದು ಕೇಳಿದ. ತಿರುಗಿ ಹೊಡೆಯಲಿಲ್ಲ, ಬಗ್ಗಲೂ ಇಲ್ಲ, ಲೆಕ್ಕ ಕೇಳಿದ. ಮನೆಯಲ್ಲಿ ಗಂಡನ ಏಟು ತಿನ್ನುತ್ತಿರುವ ಹೆಂಗಸಿಗೆ ‘ಇನ್ನೊಂದು ಕೆನ್ನೆ’ ಉಪದೇಶ ಮಾಡುವವರು ಯೋಹಾನನ 18ನೇ ಅಧ್ಯಾಯವನ್ನು ಮೊದಲು ಓದಲಿ.

ಕೆಟ್ಟವರ ಜೊತೆ ಕೂತು ಉಂಡರೆ ನಾವೂ ಕೆಡುವುದಿಲ್ವಾ?

ಕಟ್ಟಳೆಗಳ ವಿಷಯದಲ್ಲಿ ಬಿಗಿಯಾಗಿದ್ದ ಯೆಹೂದಿ ಪಂಗಡದವರಾದ ಫರಿಸಾಯರ ಪ್ರಶ್ನೆಯೂ ಇದೇ ಆಗಿತ್ತು. ಯಾರ ಮನೆಯಲ್ಲಿ ಉಣ್ಣಬೇಕು, ಯಾರ ಪಂಕ್ತಿಯಲ್ಲಿ ಕೂರಬಾರದು ಎನ್ನುವ ಲೆಕ್ಕ ಅಲ್ಲೂ ಜೋರಾಗಿಯೇ ಇತ್ತು. ಜಕ್ಕಾಯ ಸುಂಕದವರ ಮುಖ್ಯಸ್ಥ. ರೋಮನ್ ಆಡಳಿತದ ಪರವಾಗಿ ತನ್ನವರಿಂದಲೇ ವಸೂಲಿ ಮಾಡಿ ಹಣ ಮಾಡಿದವನು. ಗಿಡ್ಡ ಆಳು, ಗುಂಪಿನಲ್ಲಿ ಏನೂ ಕಾಣದೆ ಅತ್ತಿ ಜಾತಿಯ ಒಂದು ಮರ ಹತ್ತಿ ಕೂತಿದ್ದ. ಯೇಸು ಮರದ ಕೆಳಗೆ ನಿಂತು ಹೆಸರು ಹಿಡಿದು ಕರೆದ: ಬೇಗ ಇಳಿ, ಇವತ್ತು ನಿನ್ನ ಮನೆಗೆ ಬರಬೇಕು.

ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಗಮನಿಸಿ. ‘ಮೊದಲು ಕದ್ದದ್ದನ್ನು ವಾಪಸು ಕೊಡು, ಆಮೇಲೆ ಬರ್ತೀನಿ’ ಎಂದು ಯೇಸು ಹೇಳಲಿಲ್ಲ. ಮನೆಗೆ ಬರುತ್ತೇನೆ ಎಂದದ್ದು ಮೊದಲು. ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕು ಪಟ್ಟು ವಾಪಸು ಎಂದು ಜಕ್ಕಾಯ ತಾನಾಗಿ ಹೇಳಿದ್ದು ಆಮೇಲೆ. ಮನೆ ಬಿಟ್ಟುಹೋದ ಮಗನ ಜೊತೆಯೋ, ಮಾತು ಬಿಟ್ಟ ಅಣ್ಣತಮ್ಮಂದಿರ ಜೊತೆಯೋ ರಾಜಿ ಮಾಡುವಾಗ ‘ಮೊದಲು ಅವನು ತಪ್ಪು ಒಪ್ಪಲಿ’ ಎಂದು ಕೂತರೆ ವರ್ಷಗಳು ಹೋಗುತ್ತವೆ. ಊಟಕ್ಕೆ ಕರೆಯುವುದು ಹೆಚ್ಚು ಕೆಲಸ ಮಾಡುತ್ತದೆ. ಯಾವಾಗಲೂ ಮಾಡುತ್ತದೆ ಎಂದು ಹೇಳುವುದಿಲ್ಲ. ಕೊನೆಗೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನೂ ಆತನ ಜೊತೆ ಕೂತು ಉಂಡವನೇ.

ಹೆಂಗಸರ ಜೊತೆ ಹೇಗಿದ್ದ?

ಮಾತಾಡುತ್ತಿದ್ದ. ಕೇಳಲು ಸಣ್ಣದು, ಆಗ ಅದು ದೊಡ್ಡದು. ಸಮಾರ್ಯದ ಬಾವಿಯ ಹತ್ತಿರ, ನಡೆದು ದಣಿದು, ಮಧ್ಯಾಹ್ನದ ಹೊತ್ತಿನಲ್ಲಿ ಒಬ್ಬ ಹೆಂಗಸಿನ ಹತ್ತಿರ ನೀರು ಕೇಳಿದ. ಯೆಹೂದಿಗಳಿಗೂ ಸಮಾರ್ಯದವರಿಗೂ ಮುಟ್ಟಿಸಿಕೊಳ್ಳದಷ್ಟು ದೂರ. ಶಿಷ್ಯರು ಬಂದು ನೋಡಿ ಆಶ್ಚರ್ಯಪಟ್ಟದ್ದು ಹೆಂಗಸಿನ ಜೊತೆ ಮಾತಾಡುತ್ತಿದ್ದಾನಲ್ಲಾ ಎಂದು! ಯೋಹಾನನ ಸುವಾರ್ತೆಯಲ್ಲಿ ಯೇಸುವಿನ ಉದ್ದುದ್ದ ಮಾತುಕತೆಗಳಲ್ಲಿ ಇದೂ ಒಂದು. ಮಗ್ದಲದ ಮರಿಯ, ಯೋಹಾನ್ನ, ಸುಸನ್ನ ಮುಂತಾದವರು ತಮ್ಮ ಸ್ವಂತ ದುಡ್ಡಿನಲ್ಲಿ ಆತನ ತಂಡದ ಖರ್ಚು ನೋಡಿಕೊಳ್ಳುತ್ತಿದ್ದರು ಎಂದು ಲೂಕ ಹೇಳುತ್ತಾನೆ. ಅಂದರೆ ಹೆಂಗಸರ ಹಣದಿಂದ ನಡೆಯುತ್ತಿದ್ದ ತಿರುಗಾಟ ಅದು, ಆತನಿಗೆ ಅದರಲ್ಲಿ ನಾಚಿಕೆ ಇರಲಿಲ್ಲ.

ಮದುವೆಯಾಗಿತ್ತಾ?

ಸುವಾರ್ತೆಗಳಲ್ಲಿ ಹೆಂಡತಿಯ ಮಾತೇ ಇಲ್ಲ. ಕಾದಂಬರಿ, ಸಿನಿಮಾದವರು ಹೇಳುವುದೆಲ್ಲ ಅವರ ಕಲ್ಪನೆ.

ಮನೆಯವರ ಜೊತೆ ಸಂಬಂಧ ಚೆನ್ನಾಗಿತ್ತಾ?

ಏಳುಬೀಳು ಇತ್ತು. ಒಮ್ಮೆ ಮನೆಯವರು ‘ಇವನಿಗೆ ತಲೆ ಕೆಟ್ಟಿದೆ’ ಎಂದು ಹಿಡಿದುಕೊಂಡು ಹೋಗಲು ಬಂದಿದ್ದರು. ತಾಯಿ, ತಮ್ಮಂದಿರು ಹೊರಗೆ ಕಾಯುತ್ತಿದ್ದಾರೆ ಎಂದಾಗ, ದೇವರ ಮಾತಿನಂತೆ ನಡೆಯುವವರೇ ನನ್ನ ತಾಯಿ, ನನ್ನ ಅಣ್ಣತಮ್ಮಂದಿರು ಎಂದುಬಿಟ್ಟ. ಆ ತಾಯಿಗೆ ಹೇಗಾಗಿರಬೇಡ! ಇದನ್ನು ನುಣುಪು ಮಾಡಿ ಹೇಳುವುದು ನನಗೆ ಇಷ್ಟವಿಲ್ಲ. ಆದರೆ ಶಿಲುಬೆಯ ಮೇಲಿಂದ ಆತ ಮಾಡಿದ ಕೊನೆಯ ಏರ್ಪಾಡುಗಳಲ್ಲಿ ಒಂದು, ತಾಯಿಯನ್ನು ನೋಡಿಕೋ ಎಂದು ಶಿಷ್ಯನೊಬ್ಬನಿಗೆ ಒಪ್ಪಿಸಿದ್ದು. ಅವತ್ತಿನಿಂದ ಅವಳು ಆ ಶಿಷ್ಯನ ಮನೆಯಲ್ಲಿದ್ದಳು. ಮನೆಯವರು ನಮ್ಮ ದಾರಿಯನ್ನು ಒಪ್ಪದಿದ್ದಾಗ ದಾರಿ ಬಿಡಬೇಕಿಲ್ಲ, ಜವಾಬ್ದಾರಿಯನ್ನೂ ಬಿಡಬೇಕಿಲ್ಲ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಎಲ್ಲರಿಗೂ ಹೀಗೆ ನಿಲ್ಲುತ್ತಾ ಹೋದರೆ ನಾವು ಸುಸ್ತಾಗಿ ಬೀಳುವುದಿಲ್ವಾ?

ಆತನೂ ಸುಸ್ತಾಗುತ್ತಿದ್ದ. ಒಂದು ಸಂಜೆ ಗಲಿಲಾಯ ಸರೋವರದಲ್ಲಿ ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದವನಿಗೆ ಬಿರುಗಾಳಿ ಎದ್ದರೂ ಎಚ್ಚರವಾಗಲಿಲ್ಲ. 1986ರಲ್ಲಿ ಬರಗಾಲದಿಂದ ನೀರು ತಗ್ಗಿದಾಗ ಆ ಕಾಲದ ಒಂದು ದೋಣಿ ಕೆಸರಿನಲ್ಲಿ ಸಿಕ್ಕಿತು. ಉದ್ದ 8 ಮೀಟರಿಗೆ ಸ್ವಲ್ಪ ಜಾಸ್ತಿ, ಅಗಲ 2.3 ಮೀಟರ್. ಯೇಸುವಿನದೇ ದೋಣಿ ಎಂದಲ್ಲ, ಅಂಥದ್ದು. ಅದರೊಳಗೆ ಗಾಳಿಯ ಅಬ್ಬರದಲ್ಲಿ ನಿದ್ದೆ ಬರಬೇಕಾದರೆ ಎಷ್ಟು ದಣಿವಿರಬೇಕು!

ಆದರೆ ತಪ್ಪಿಸಿಕೊಂಡು ಹೋಗುವುದೂ ಆತನಿಗೆ ಗೊತ್ತಿತ್ತು. ಕಪೆರ್ನೌಮ್ ಎಂಬ ಊರಿನಲ್ಲಿ ರಾತ್ರಿಯವರೆಗೂ ರೋಗಿಗಳ ಸಾಲು. ಮಾರನೇ ದಿನ ಬೆಳಕು ಹರಿಯುವ ಮುಂಚೆಯೇ ಎದ್ದು ಜನರಿಲ್ಲದ ಕಡೆ ಪ್ರಾರ್ಥನೆಗೆ ಹೋದ. ಶಿಷ್ಯ ಪೇತ್ರ ಹುಡುಕಿಕೊಂಡು ಬಂದು, ಎಲ್ಲರೂ ನಿಮ್ಮನ್ನೇ ಹುಡುಕುತ್ತಿದ್ದಾರೆ ಎಂದ. ಯೇಸು ವಾಪಸು ಹೋಗಲಿಲ್ಲ, ಪಕ್ಕದ ಊರುಗಳಿಗೆ ಹೋಗೋಣ ಎಂದ. ಕಾಯುತ್ತಿದ್ದ ರೋಗಿಗಳು ಇನ್ನೂ ಇದ್ದಿರಬೇಕು. ಎದುರು ಬಂದವರಿಗಾಗಿ ನಿಲ್ಲುತ್ತಿದ್ದ, ಎಲ್ಲರ ಬೇಡಿಕೆಯನ್ನೂ ತಲೆಮೇಲೆ ಹೊತ್ತುಕೊಳ್ಳಲಿಲ್ಲ. ಊಟಕ್ಕೂ ಬಿಡುವಿಲ್ಲದೆ ದುಡಿದು ಬಂದ ಶಿಷ್ಯರಿಗೂ, ಬನ್ನಿ, ಸ್ವಲ್ಪ ದಣಿವಾರಿಸಿಕೊಳ್ಳಿ ಎಂದೇ ಹೇಳಿದ.

ಇಷ್ಟವಾಗದ ಪ್ರಸಂಗ ಒಂದೂ ಇಲ್ವಾ?

ಇದೆ. ಹಸಿವಾಗಿ ಅಂಜೂರದ ಮರದ ಹತ್ತಿರ ಹೋಗಿ, ಹಣ್ಣಿಲ್ಲ ಎಂದು ಅದಕ್ಕೆ ಶಾಪ ಕೊಟ್ಟ. ಅದು ಹಣ್ಣಿನ ಕಾಲವೇ ಆಗಿರಲಿಲ್ಲ ಎಂದು ಮಾರ್ಕನೇ ಬರೆದಿದ್ದಾನೆ. ಮರ ದೇವಾಲಯದ ಸಂಕೇತ ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ, ಇರಬಹುದು. ಮರದ ಪಾಡಿಗೆ ನನಗೆ ಈಗಲೂ ಅಯ್ಯೋ ಅನಿಸುತ್ತದೆ.

ಇನ್ನೊಂದು ಇದಕ್ಕಿಂತ ಗಂಭೀರ. ತೂರ್ ಸೀಮೆಯಲ್ಲಿ ಯೆಹೂದಿಯಲ್ಲದ ಒಬ್ಬ ತಾಯಿ ಮಗಳನ್ನು ವಾಸಿ ಮಾಡು ಎಂದು ಬೇಡಿಕೊಂಡಳು. ಮಕ್ಕಳ ರೊಟ್ಟಿಯನ್ನು ನಾಯಿಗಳಿಗೆ ಹಾಕುವುದು ಸರಿಯಲ್ಲ ಎಂದ. ಒರಟು ಮಾತು, ಬೇರೆ ಹೆಸರಿಲ್ಲ. ಅವಳು ಬಿಡಲಿಲ್ಲ. ‘ಸ್ವಾಮಿ, ಮೇಜಿನ ಕೆಳಗಿನ ನಾಯಿಗಳೂ ಮಕ್ಕಳು ಬೀಳಿಸಿದ ಚೂರು ತಿನ್ನುತ್ತವಲ್ಲ’ ಎಂದಳು. ಆತ ಒಪ್ಪಿಕೊಂಡ. ಈ ಮಾತು ಆಡಿದ್ದಕ್ಕೆ ಹೋಗು, ನಿನ್ನ ಮಗಳು ವಾಸಿಯಾದಳು ಎಂದ. ಫರಿಸಾಯರನ್ನೂ ಶಾಸ್ತ್ರಿಗಳನ್ನೂ ಮಾತಿನಲ್ಲಿ ಕಟ್ಟಿಹಾಕುತ್ತಿದ್ದವನು ಹೊರಗಿನ ಒಬ್ಬ ಹೆಂಗಸಿನ ಮಾತಿಗೆ ಸೋತ, ಸೋತದ್ದನ್ನು ಬಾಯಿಬಿಟ್ಟು ಹೇಳಿದ. ಆಕೆಯ ನಂಬಿಕೆಯನ್ನು ಪರೀಕ್ಷಿಸಿದ್ದು ಅಷ್ಟೇ ಎಂದು ಹೇಳುವವರಿದ್ದಾರೆ. ಆತ ನಿಜವಾಗಿ ಮನಸ್ಸು ಬದಲಾಯಿಸಿದ ಎಂದು ಓದಿದರೆ ನನಗೆ ಗೌರವ ಹೆಚ್ಚಾಗುತ್ತದೆ.

ಆತನಿಗೆ ಭಯ ಇರಲಿಲ್ವಾ?

ಇತ್ತು. ಹಿಡಿಯುವವರು ಬರುವ ಮುಂಚೆ ಗೆತ್ಸೆಮನೆ ತೋಟದಲ್ಲಿ, ಜೀವ ಹೋಗುವಷ್ಟು ದುಃಖವಾಗಿದೆ, ಇಲ್ಲೇ ಇದ್ದು ಎಚ್ಚರವಾಗಿರಿ ಎಂದು ಮೂವರು ಗೆಳೆಯರನ್ನು ಕೇಳಿಕೊಂಡ. ಸಾಧ್ಯವಾದರೆ ಇದು ತಪ್ಪಲಿ ಎಂದು ಪ್ರಾರ್ಥಿಸಿದ. ಗೆಳೆಯರು ನಿದ್ದೆ ಹೋದರು, ಒಂದಲ್ಲ ಮೂರು ಸಲ. ಧೈರ್ಯವಂತರು ಯಾರ ಆಸರೆಯನ್ನೂ ಕೇಳುವುದಿಲ್ಲ ಎಂದುಕೊಂಡ ಗಂಡಸರು ನಮ್ಮಲ್ಲಿ ಬಹಳ. ಆಪರೇಷನ್ನಿಗೆ ಮುಂಚಿನ ರಾತ್ರಿ ಆಸ್ಪತ್ರೆಯಲ್ಲಿ ‘ನೀನು ಮನೆಗೆ ಹೋಗು, ನನಗೇನಿಲ್ಲ’ ಎಂದು ಹೆಂಡತಿಯನ್ನು ಕಳಿಸುವವರು. ಜೊತೆಗಿರು ಎಂದು ಬಾಯಿಬಿಟ್ಟು ಕೇಳಬಹುದು.

ಕ್ರೈಸ್ತರೇ ಹೀಗೆ ಬದುಕುತ್ತಿಲ್ಲವಲ್ಲ?

ಎಷ್ಟೋ ಜನ ಬದುಕುತ್ತಿಲ್ಲ, ನಿಜ. ಬದುಕುತ್ತಿರುವವರು ಸುದ್ದಿಯಾಗುವುದಿಲ್ಲ, ಅದೂ ನಿಜ. ಈ ಪ್ರಶ್ನೆ ಕೇಳಿ ಬೇರೆಯವರನ್ನು ಅಳೆಯುವುದು ಸುಲಭ ಎಂಬುದಷ್ಟೇ ನನ್ನ ಬೇಜಾರು.

ಓದಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?

ಮಾರ್ಕನ ಸುವಾರ್ತೆಯಿಂದ. ನಾಲ್ಕರಲ್ಲಿ ಮೊದಲು ಬರೆದದ್ದು ಅದೇ ಎಂದು ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ, ಕ್ರಿ.ಶ. 70ರ ಆಸುಪಾಸು. ಒಟ್ಟು 16 ಅಧ್ಯಾಯ, ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ಯೇಸುವಿನ ಸಿಟ್ಟು, ಬೇಸರ, ಆತುರವನ್ನು ಮಾರ್ಕ ಅಷ್ಟಾಗಿ ಮುಚ್ಚಿಡುವುದಿಲ್ಲ. ಆಮೇಲೆ ಲೂಕನ 15 ಮತ್ತು 19ನೇ ಅಧ್ಯಾಯ, ನಂತರ ಮತ್ತಾಯನ 5ರಿಂದ 7. ಪರ್ವತ ಪ್ರಸಂಗ ಇರುವುದು ಅಲ್ಲಿ. ಕನ್ನಡದ ಹಳೇ ಅನುವಾದ ಗಡುಸು ಎನಿಸಿದರೆ ಹೊಸ ಅನುವಾದಗಳಿವೆ, ಮೊಬೈಲಿನಲ್ಲಿ ಬಿಟ್ಟಿಯಾಗಿಯೇ ಸಿಗುತ್ತವೆ. ಓದುವಾಗ ಕೈಯಲ್ಲೊಂದು ಪೆನ್ಸಿಲ್ ಇರಲಿ. ಆತ ಪ್ರಶ್ನೆ ಕೇಳಿದ ಕಡೆಯೆಲ್ಲ ಗುರುತು ಹಾಕಿ. ಪುಟಕ್ಕೊಂದು ಸಿಕ್ಕರೂ ಆಶ್ಚರ್ಯವಿಲ್ಲ.